ಹೃದಯಾಘಾತವಾದವರು ಟ್ರೆಡ್‌ಮಿಲ್ ಹತ್ತಬಹುದೇ?

ಪ್ರಶ್ನೆ: ನಮ್ಮ ಯಜಮಾನರಿಗೆ 54 ವರ್ಷ. ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಈಗ ಎದೆನೋವಿಲ್ಲ. ವ್ಯಾಯಾಮ ಶುರುಮಾಡುವ ಮುಂಚೆ ಟಿಎಂಟಿ (ಟ್ರೆಡ್‌ಮಿಲ್ ಪರೀಕ್ಷೆ) ಮಾಡಿಸಿ ಎನ್ನುತ್ತಿದ್ದಾರೆ. ಮಹಡಿ ಮೆಟ್ಟಿಲು ಹತ್ತಲೂ ಬಿಡದೆ ನೋಡಿಕೊಳ್ಳುತ್ತಿದ್ದೇವೆ, ಯಂತ್ರದ ಮೇಲೆ ನಡೆಸುವುದು ಅಪಾಯವಲ್ಲವೇ ಡಾಕ್ಟ್ರೇ?

ಉತ್ತರ: ಮೆಟ್ಟಿಲು ಹತ್ತಲು ಬಿಡುತ್ತಿಲ್ಲ ಎಂದಿರಲ್ಲಮ್ಮ, ನನಗೆ ಹೆಚ್ಚು ಆತಂಕ ಅದರದ್ದೇ. ಅಮೆರಿಕದ ಡಲ್ಲಾಸ್‌ನಲ್ಲಿ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆ ಬಿಟ್ಟೇಳದಂತೆ ಇರಿಸಿ ನಡೆಸಿದ ಅಧ್ಯಯನವೊಂದು 1968ರಲ್ಲಿ ಪ್ರಕಟವಾಯಿತು. ಅವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಅಷ್ಟರಲ್ಲೇ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಯುವಕರ ಪಾಡೇ ಹೀಗಾದರೆ ಪೆಟ್ಟು ತಿಂದ ಹೃದಯಕ್ಕೆ ಅತಿಯಾದ ವಿಶ್ರಾಂತಿ ಏನು ಮಾಡೀತು, ಯೋಚಿಸಿ. ನಡಿಗೆ ಬೇಕೇ ಬೇಕು. ಎಷ್ಟು ಎಂಬುದನ್ನು ಅಂದಾಜಿಗೆ ಬಿಡದೆ ಅಳೆದು ಹೇಳಲು ಈ ಪರೀಕ್ಷೆ. ಸ್ಟೆಂಟ್ ಹಾಕಿದ ಮೇಲೆ ಮತ್ತೇಕೆ ಎಂದು ನೀವು ಕೇಳಬಹುದು. ನೋವಿಲ್ಲದವರಲ್ಲಿ ಬ್ಲಾಕ್ ಹುಡುಕುವುದಕ್ಕಷ್ಟೇ ಆದರೆ ಎಲ್ಲರಿಗೂ ಇದು ಬೇಕಿಲ್ಲ, ನಿಜ. ಇಲ್ಲಿ ನೋಡುವುದೇ ಬೇರೆ: ಎಷ್ಟು ವೇಗಕ್ಕೆ, ಎಷ್ಟು ಏರಿಗೆ ಏದುಸಿರು ಬರುತ್ತದೆ, ಬಿ.ಪಿ. ಹೇಗೆ ಏರುತ್ತದೆ, ಹೃದಯದ ಬಡಿತ ಲಯ ತಪ್ಪುತ್ತದೆಯೇ ಎಂಬುದು. 220ರಿಂದ ವಯಸ್ಸು ಕಳೆದು ಗರಿಷ್ಠ ಬಡಿತ ಲೆಕ್ಕಹಾಕುವ ಸೂತ್ರ, ಮೆಟೊಪ್ರೊಲಾಲ್‌ನಂಥ ಬಡಿತ ತಗ್ಗಿಸುವ ಮಾತ್ರೆ ನುಂಗುವವರಿಗೆ ಹೊಂದುವುದಿಲ್ಲ. ವ್ಯಾಯಾಮದ ಪ್ರಮಾಣ ನಿರ್ಧರಿಸುವ ಪರೀಕ್ಷೆಗೆ ಮಾತ್ರೆ ತೆಗೆದುಕೊಂಡೇ ಹೋಗುವುದು ರೂಢಿ, ನೀವಾಗಿ ನಿಲ್ಲಿಸಬೇಡಿ.

ಅಪಾಯ ಇಲ್ಲವೇ ಇಲ್ಲ ಎನ್ನಲಾರೆ. ಎಲ್ಲ ಬಗೆಯ ರೋಗಿಗಳನ್ನೂ ಸೇರಿಸಿ ನೋಡಿದರೆ, ಪರೀಕ್ಷೆಯಿಂದ ಹೃದಯಾಘಾತವೋ ಸಾವೋ ಆಗುವುದು ಹೆಚ್ಚೆಂದರೆ 2,500ರಲ್ಲಿ ಒಂದು ಎಂಬ ಅಂದಾಜಿದೆ. ಆಘಾತವಾದ ಮೊದಲೆರಡು ದಿನ, ಕೂತಲ್ಲೇ ಎದೆನೋವು ಬರುತ್ತಿದ್ದರೆ, ಹೃದಯ ವೈಫಲ್ಯ ಹತೋಟಿಗೆ ಬಾರದಿದ್ದರೆ ಈ ಪರೀಕ್ಷೆ ಮಾಡುವುದಿಲ್ಲ. ಓಡಿಸುವುದೂ ಇಲ್ಲ, ಚೇತರಿಸಿಕೊಳ್ಳುತ್ತಿರುವವರಿಗೆ ಸಾಮಾನ್ಯವಾಗಿ ಗಂಟೆಗೆ 2.7 ಕಿ.ಮೀ. ವೇಗದ ಸಮತಟ್ಟು ನಡಿಗೆಯಿಂದ ಶುರುಮಾಡಿ, ಮೂರು ಮೂರು ನಿಮಿಷಕ್ಕೆ ಏರು ಹೆಚ್ಚಿಸುತ್ತಾರೆ. ಇಸಿಜಿ ನೋಡುತ್ತಾ ಪಕ್ಕದಲ್ಲೇ ಸಿಬ್ಬಂದಿ ಇರುತ್ತಾರೆ. ತೊಂದರೆ ಕಾಣಿಸಿಕೊಳ್ಳುವುದೇ ಆದರೆ ಮನೆಯ ಮೆಟ್ಟಿಲಿಗಿಂತ ಅಲ್ಲಿ ಕಾಣಿಸುವುದು ಮೇಲು. ಸುಮ್ಮನೆ ಕೂತಾಗ ದೇಹ ಬಳಸುವ ಆಮ್ಲಜನಕವನ್ನು ಒಂದು ಮೆಟ್ ಎನ್ನುತ್ತೇವೆ. ನಿಧಾನಕ್ಕೆ ಮೆಟ್ಟಿಲು ಹತ್ತಲು ಸುಮಾರು ನಾಲ್ಕು ಸಾಕು. ಅವರು ಏಳು ಮೆಟ್‌ವರೆಗೆ ತೊಂದರೆಯಿಲ್ಲದೆ ನಡೆದರೆ ನಿಮ್ಮ ಕಾವಲು ಸಡಿಲಿಸಬಹುದು.

ಇನ್ನೊಂದು ವಿಷಯ. ಸ್ಟ್ಯಾನ್‌ಫರ್ಡ್ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡನ ಪರೀಕ್ಷೆಯನ್ನು ಬರಿದೆ ನೋಡಿದ ಹೆಂಡತಿಯರ ಅಳುಕು ಅಷ್ಟಾಗಿ ಕಡಿಮೆಯಾಗಲಿಲ್ಲ. ಅದೇ ಏರಿನಲ್ಲಿ ತಾವೂ ಮೂರು ನಿಮಿಷ ನಡೆದವರಿಗೆ ಗಂಡನ ಶಕ್ತಿಯ ಮೇಲೆ ನಂಬಿಕೆ ಬಂತು. ಆಸ್ಪತ್ರೆಯವರು ಒಪ್ಪಿದರೆ, ನಿಮ್ಮ ಆರೋಗ್ಯವೂ ಸರಿಯಿದ್ದರೆ, ನೀವೂ ಹತ್ತಿ ನೋಡಿ.