ಜಾಹೀರಾತು ತಡೆಯುವ ಕಾವಲುಗಾರನಿಗೆ ಬಂದ ಹೊಸ ಕಟ್ಟಳೆ

ಮನೆಯ ಕಂಪ್ಯೂಟರಿನಲ್ಲಿ ಮೊದಲು ಕಾಣದಿದ್ದ ಜಾಹೀರಾತುಗಳು ಈಗ ಕಾಣುವದೇಕೆಂದು ರೋಣ, ನರಗುಂದ, ಗಜೇಂದ್ರಗಡಗಳ ಪಾಲಕರು ನಮ್ಮನ್ನು ಕೇಳುತ್ತಿರುವರು. ಪಾಠದ ಪುಟದ ನಡುವೆ ಬಂದ ‘ಡೌನ್‌ಲೋಡ್’ ಎಂಬ ಸುಳ್ಳು ಗುಂಡಿಯನ್ನು ಪುಸ್ತಕದ್ದೆಂದೇ ತಿಳಿದು ನಮ್ಮ ಹುಡುಗಿಯರು ಒತ್ತಿದ್ದುಂಟು. ಆದಕಾರಣ ಈ ವಿಷಯವನ್ನು ವಿವರಿಸುವೆವು.

ಬ್ರೌಸರಿಗೆ ಜೋಡಿಸುವ ಚಿಕ್ಕ ಉಪಕರಣಕ್ಕೆ ಎಕ್ಸ್‌ಟೆನ್ಶನ್ ಎಂದು ಹೆಸರು. ರೇಮಂಡ್ ಹಿಲ್ ಎಂಬವರು ರಚಿಸಿದ ಯುಬ್ಲಾಕ್ ಆರಿಜಿನ್ ಅಂಥಾದ್ದೊಂದು. ಅದು ಬಾಗಿಲ ಕಾವಲುಗಾರನ ಹಾಗೆ, ಪುಟವು ಹೊರಗಿನಿಂದ ತರಿಸುವ ಒಂದೊಂದನ್ನೂ ತಾನೇ ನೋಡಿ, ಬೇಡವಾದದ್ದನ್ನು ಆಗಲೇ ತಡೆಯುತ್ತಿತ್ತು. ಮ್ಯಾನಿಫೆಸ್ಟ್ ವಿ3 ಎಂಬ ಗೂಗಲಿನ ಹೊಸ ಕಟ್ಟಳೆಯ ಮೇರೆಗೆ ಕಾವಲುಗಾರನು ತಡೆಯತಕ್ಕವರ ಪಟ್ಟಿಯನ್ನು ಮುಂಚಿತವಾಗಿ ಬರೆದುಕೊಡಬೇಕು. ನೋಡಿ ತಡೆಯುವ ಕೆಲಸವು ಕ್ರೋಮ್ ಬ್ರೌಸರಿನದೇ. ಪಟ್ಟಿಗೂ ಮಿತಿಯುಂಟು. ಒಂದು ಉಪಕರಣಕ್ಕೆ ಖಂಡಿತವಾಗಿ ದೊರೆಯುವ ಸ್ಥಿರ ನಿಯಮಗಳು 30,000. ಹೆಚ್ಚಿನವು ಎಲ್ಲಾ ಉಪಕರಣಗಳಿಗೂ ಸೇರಿದ ಉಗ್ರಾಣದಲ್ಲಿ ಉಳಿದಿದ್ದರೆ ಮಾತ್ರ.

ಉಪಕರಣಗಳು ನಮ್ಮ ಖಾಸಗಿ ಸಂಗತಿಗಳನ್ನೆಲ್ಲಾ ನೋಡಬಾರದೆಂದು ಗೂಗಲ್ ಹೇಳುವ ಕಾರಣವು ಸುಳ್ಳಲ್ಲ. ಆದರೂ ಆದಾಯದ ಹೆಚ್ಚಿನ ಪಾಲನ್ನು ಜಾಹೀರಾತಿನಿಂದ ಪಡೆಯುವ ಕಂಪನಿಯೇ ಕಾವಲಿನ ನಿಯಮ ಬರೆಯುವದು ನಮಗೆ ಸರಿದೋರದು.

2024ರಲ್ಲಿ ಹಳೆಯ ಉಪಕರಣಗಳನ್ನು ನಿಲ್ಲಿಸಲಾರಂಭಿಸಿ, 2025ರಲ್ಲಿ ಕ್ರೋಮಿನಿಂದ ಪೂರಾ ತೆಗೆದರು. ಹೊಸ ಕಟ್ಟಳೆಗೆ ಒಪ್ಪುವ ಯುಬ್ಲಾಕ್ ಆರಿಜಿನ್ ಲೈಟ್ ಉಂಟು, ಹಳೆಯದರಷ್ಟು ಸಮರ್ಥವಲ್ಲ. ಫೈರ್‌ಫಾಕ್ಸಿನಲ್ಲಿ ಹಳೆಯದೇ ಇಂದಿಗೂ ನಡೆಯುವದರಿಂದ ಶಾಲೆಯ ಯಂತ್ರಗಳಲ್ಲಿ ಅದನ್ನೇ ಹಾಕಿಸಿರುವೆವು. ಆಂಡ್ರಾಯ್ಡ್ ಮೊಬೈಲಿನಲ್ಲಿಯೂ ಅದು ನಡೆಯುವದು.