ಆಸ್ಪತ್ರೆ ಸಿಬ್ಬಂದಿಯ ಕಾರ್ಯಸ್ಥಳದ ಒತ್ತಡ ಮತ್ತು ಗ್ರಾಮ ಪಂಚಾಯತಿ

ದಾವಣಗೆರೆ ನಗರದ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಈ ಜಿಲ್ಲೆಯವರಲ್ಲದೆ ಹಾವೇರಿ, ಚಿತ್ರದುರ್ಗ, ವಿಜಯನಗರ ಜಿಲ್ಲೆಗಳ ಗಡಿ ಗ್ರಾಮಗಳ ರೋಗಿಗಳೂ ಬರುತ್ತಾರೆ. ಹರಪನಹಳ್ಳಿ ತಾಲ್ಲೂಕು 2018ರಲ್ಲಿ ಆಡಳಿತದ ದೃಷ್ಟಿಯಿಂದ ಬೇರ್ಪಟ್ಟಿತೇ ಹೊರತು, ಕಾಯಿಲೆಯವರು ಹಿಡಿಯುವ ದಾರಿ ಬದಲಾಗಲಿಲ್ಲ. ಹರಿಹರದ ಸಾರ್ವಜನಿಕ ಆಸ್ಪತ್ರೆಯದೂ ಇದೇ ಬಗೆ: ರಾಷ್ಟ್ರೀಯ ಹೆದ್ದಾರಿ 48ರ ಅಪಘಾತಗಳು, ಹೆರಿಗೆಗಳು, ಹೊಲದಲ್ಲಿ ಹಾವು ಕಚ್ಚಿದವರು ಒಂದೇ ಬಾಗಿಲಿಗೆ ಬರುತ್ತಾರೆ. ಆ ಬಾಗಿಲೊಳಗೆ ನಿಂತವರ ಸ್ಥಿತಿಯನ್ನು ಪಂಚಾಯತಿ ಸದಸ್ಯರು ತಿಳಿದಿರುವುದು ಅವಶ್ಯಕ.

ಕೆಲಸದ ದಣಿವು ಬೇರೆ, ಒತ್ತಡದಿಂದ ಉಂಟಾಗುವ ಬಳಲಿಕೆ ಬೇರೆ. ದಣಿವು ಒಂದು ರಾತ್ರಿಯ ನಿದ್ರೆಯಿಂದ ನೀಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ, ನಿಭಾಯಿಸಲಾಗದೆ ಉಳಿದ ದೀರ್ಘಕಾಲದ ಕಾರ್ಯಸ್ಥಳದ ಒತ್ತಡದ ಪರಿಣಾಮಕ್ಕೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬತ್ತಿಹೋಗುವುದು, ಕೆಲಸದ ಬಗ್ಗೆ ಮನಸ್ಸು ದೂರವಾಗುವುದು, ಕಾರ್ಯದಕ್ಷತೆ ಕುಗ್ಗುವುದು. ಇದನ್ನು ಅದು ರೋಗವೆಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಪರಿಗಣಿಸಿದೆ. ಅಂದರೆ ದೋಷವನ್ನು ವ್ಯಕ್ತಿಯ ಸ್ವಭಾವದಲ್ಲಷ್ಟೇ ಅಲ್ಲ, ಕೆಲಸದ ವ್ಯವಸ್ಥೆಯಲ್ಲಿಯೂ ಹುಡುಕಬೇಕು. ‘ಆ ಸಿಸ್ಟರ್ ಸಿಡುಕಿ’ ಎಂದು ಊರಿನಲ್ಲಿ ಆಡುವ ಮಾತಿನ ಹಿಂದೆ ಎರಡನೆಯ ಲಕ್ಷಣವೇ ಇರಬಹುದು.

ರಾತ್ರಿ ಪಾಳಿಯ ಹೆರಿಗೆ ವಾರ್ಡನ್ನು ಉದಾಹರಣೆಯಾಗಿ ಪರಿಶೀಲಿಸಬಹುದು. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 7 ಗ್ರಾಂಗಿಂತ ಕಡಿಮೆ ಇದ್ದರೆ ಅದು ತೀವ್ರ ರಕ್ತಹೀನತೆ. ಗ್ರಾಮದಲ್ಲಿಯೇ ಐದಾರು ತಿಂಗಳ ಮುಂಚೆ ಪತ್ತೆಯಾಗಬೇಕಾದ ಇದು, ನೋವು ಕಾಣಿಸಿಕೊಂಡ ಬಳಿಕ ತಾಲ್ಲೂಕು ಆಸ್ಪತ್ರೆಯಲ್ಲಿ ತಿಳಿದುಬಂದರೆ, ಶುಶ್ರೂಷಾಧಿಕಾರಿಯು ಆಕೆಯನ್ನು ದಾವಣಗೆರೆಗೆ ಕಳುಹಿಸಬೇಕಾಗುತ್ತದೆ. ಕುಟುಂಬದವರು ‘ಇಲ್ಲೇಕೆ ಮಾಡುವುದಿಲ್ಲ?’ ಎಂದು ಕೂಗಾಡುತ್ತಾರೆ. ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬ ಬಾಣಂತಿ, ಕೈಯಲ್ಲಿ ಭರ್ತಿ ಮಾಡಬೇಕಾದ ವಹಿ, ಅಷ್ಟರಲ್ಲಿ ಸದಸ್ಯರೊಬ್ಬರ ದೂರವಾಣಿ ಕರೆ: ‘ನಮ್ಮವರು, ಮೊದಲು ನೋಡಿ.’ ಕರೆ ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ಪ್ರತಿ ಶಿಫಾರಸೂ ಸರದಿಯಲ್ಲಿರುವ ಬೇರೊಬ್ಬರನ್ನು ಹಿಂದಕ್ಕೆ ತಳ್ಳುತ್ತದೆ. ಅವರ ಕೋಪವೂ ಅದೇ ಶುಶ್ರೂಷಾಧಿಕಾರಿಯ ಮೇಲೆಯೇ ತಿರುಗುತ್ತದೆ. ತುರ್ತು ಯಾವುದೆಂದು ನಿರ್ಧರಿಸುವ ಅಧಿಕಾರ ವೈದ್ಯರಿಗೆ ಉಳಿಯಲೇಬೇಕು.

ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ, ಆಂಬುಲೆನ್ಸ್ ಚಾಲಕರು ಮತ್ತು ಗ್ರೂಪ್ ‘ಡಿ’ ನೌಕರರ ಒತ್ತಡ ಇನ್ನೊಂದು ತರಹದ್ದು. ಅವರ ಬಗ್ಗೆ ಚರ್ಚೆ ವಿರಳ. ಕೆಲಸ ನಾಳೆಗೂ ಇದೆಯೇ ಎಂಬ ಆತಂಕ ಇವರಿಗೆ ಪಾಳಿಯ ಭಾರಕ್ಕಿಂತ ಹೆಚ್ಚು.

ಹಲ್ಲೆಯ ಭಯವನ್ನೂ ಇಲ್ಲಿ ಹೇಳಬೇಕು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ಹಾಗೂ ಆಸ್ಪತ್ರೆಯ ಆಸ್ತಿಹಾನಿಯನ್ನು ತಡೆಯಲು ಕರ್ನಾಟಕದಲ್ಲಿ 2009ರ ಅಧಿನಿಯಮ ಜಾರಿಯಲ್ಲಿದೆ. ಅದರಡಿ ಅಪರಾಧವು ಸಂಜ್ಞೇಯ ಮತ್ತು ಜಾಮೀನು ರಹಿತ. ಸಾವಿನ ದುಃಖದಲ್ಲಿ ಗಾಜು ಒಡೆದ ಯುವಕ ಮೊಕದ್ದಮೆಗೆ ಸಿಲುಕುವ ಮುನ್ನ, ಗುಂಪಿನೊಂದಿಗೆ ಬಂದ ಸದಸ್ಯರೇ ಅವನನ್ನು ಹೊರಗೆ ಕರೆದೊಯ್ಯಬಹುದು. ಚಿಕಿತ್ಸೆಯಲ್ಲಿ ಲೋಪವಾಗಿದೆ ಎನಿಸಿದರೆ ಲಿಖಿತ ದೂರು ನೀಡುವ ಹಕ್ಕು ಕುಟುಂಬಕ್ಕೆ ಇದ್ದೇ ಇದೆ.

ಸಂವಿಧಾನದ 11ನೇ ಅನುಸೂಚಿಯ 23ನೇ ವಿಷಯವು ಆಸ್ಪತ್ರೆ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೂ ಒಳಗೊಂಡ ಆರೋಗ್ಯ ಮತ್ತು ನೈರ್ಮಲ್ಯ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಆಶಾ ಕಾರ್ಯಕರ್ತೆಯೊಡನೆ ಪಂಚಾಯತಿ ಸದಸ್ಯರೂ ಇರುತ್ತಾರೆ. ಗರ್ಭಿಣಿಯರ ನೋಂದಣಿ, ರಕ್ತಪರೀಕ್ಷೆ, ಕಬ್ಬಿಣಾಂಶದ ಮಾತ್ರೆಯ ಸೇವನೆ ಇವುಗಳನ್ನು ಸಮಿತಿಯ ಮಾಸಿಕ ಸಭೆಯಲ್ಲಿ ಹೆಸರುವಾರು ಪರಿಶೀಲಿಸಿದರೆ, ಹರಿಹರದ ವಾರ್ಡಿನಲ್ಲಿ ರಾತ್ರಿ ಎರಡು ಗಂಟೆಗೆ ಎದುರಾಗುವ ಗಾಬರಿಯ ಒಂದು ಪಾಲು ಗ್ರಾಮದಲ್ಲಿಯೇ ತಪ್ಪುತ್ತದೆ. ಜ್ವರ, ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ಜನರು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಬಿಟ್ಟು ನಗರಕ್ಕೆ ಹೋಗುತ್ತಿದ್ದರೆ, ಕಾರಣವೇನೆಂದು ಅಲ್ಲಿನ ವೈದ್ಯಾಧಿಕಾರಿಯವರನ್ನು ಕೇಳತಕ್ಕದ್ದು. ಔಷಧದ ಕೊರತೆಯೇ, ನೀರಿನ ಅಭಾವವೇ, ಸಿಬ್ಬಂದಿ ವಸತಿಗೃಹದ ಬೀದಿದೀಪ ಉರಿಯದಿರುವುದೇ? ಕೊನೆಯ ಎರಡು ಪಂಚಾಯತಿಯ ಕೈಯಲ್ಲಿಯೇ ಇವೆ.

ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲಾ ಮಟ್ಟಕ್ಕೆ ತರುವ ಪ್ರಯೋಗವನ್ನು ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿಯಲ್ಲಿ ನಡೆಸಿತ್ತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆಶಾ ಕಾರ್ಯಕರ್ತೆ, ಶುಶ್ರೂಷಾಧಿಕಾರಿ, ಚಾಲಕ ಯಾರೇ ಆಗಲಿ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಹಗಲಿರುಳು ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಈ ಸಂಖ್ಯೆಯನ್ನು ಪಂಚಾಯತಿ ಕಚೇರಿ ಹಾಗೂ ಉಪಕೇಂದ್ರದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸುವುದು.