ಲೀಟರೊಂದಕ್ಕೆ ಎಷ್ಟು ಕಿಲೋಮೀಟರು?

ಗುಂಡ್ಲುಪೇಟೆಯಲ್ಲಿರುವ ನನ್ನ ಸೋದರಮಾವನವರು ಬಾಡಿಗೆ ಕಾರು ನಡೆಸಿ ಸಂಸಾರ ಸಾಗಿಸತಕ್ಕವರು. ಕಳೆದ ಬೇಸಿಗೆಯ ರಜೆಯಲ್ಲಿ ನಾನು ಅವರ ಮನೆಗೆ ಹೋಗಿದ್ದಾಗ ಅವರು ನನ್ನ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. ಬಂಡೀಪುರಕ್ಕೆ ಹೊರಟಿದ್ದ ಪ್ರವಾಸಿಯೊಬ್ಬರು ಚಹದಂಗಡಿಯ ಮುಂದೆ ತಮ್ಮ ಕಾರನ್ನು ನಿಲ್ಲಿಸಿ, ಅದು ಪೆಟ್ರೋಲಿನಿಂದಲೂ ಓಡುವುದೆಂದೂ, ಮನೆಯ ಪ್ಲಗ್ಗಿನಿಂದ ಬ್ಯಾಟರಿಗೆ ತುಂಬಿಸಿಕೊಂಡ ವಿದ್ಯುತ್ತಿನಿಂದಲೂ ಓಡುವುದೆಂದೂ, ಲೀಟರಿಗೆ 45 ಕಿಲೋಮೀಟರ್ ಎಂದು ಅದರ ಪುಸ್ತಕದಲ್ಲಿ ಅಚ್ಚಾಗಿದೆಯೆಂದೂ ಹೇಳಿದರಂತೆ.

“ಅಳಿಯ, ನೀನು ಕಾಲೇಜಲ್ಲಿ ಲೆಕ್ಕಾಚಾರ ಓದ್ತಾ ಇದ್ದೀಯ. ನನ್ನ ಕಾರಿಗೆ 21 ಅಂತ ಬರ್ದಿದ್ರು, ಅದೇ ಬರಾದಿಲ್ಲ. ಇನ್ನು 45 ಬಂದದಾ?” ಎಂದರು ಮಾವ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಯಂತ್ರಗಳ ವಿಷಯ ಅಷ್ಟಕ್ಕಷ್ಟೆ. ಆದರೆ ಸರಾಸರಿಯೆಂಬುದು ನಮ್ಮ ಪಾಠದ ವಿಷಯವೇ ಆದುದರಿಂದ ಸುಮ್ಮನಿರಲಾಗಲಿಲ್ಲ. ಮೊದಲು ಅವರ ಕಾರನ್ನೇ ಅಳೆದೆವು. ಪೆಟ್ರೋಲನ್ನು ಕಂಠಪೂರ್ತಿ ತುಂಬಿಸಿ, ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಮೂರು ಬಾರಿ ಹೋಗಿಬಂದು, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿದೆವು. ಓಡಿದ್ದು 218 ಕಿಲೋಮೀಟರ್, ಹಿಡಿದದ್ದು 13.7 ಲೀಟರ್. ಭಾಗಿಸಿದರೆ 16ಕ್ಕೆ ತುಸು ಕಡಮೆ. ಮಾವನವರು ಸಾಲ ಮಾಡುವಾಗ ಕಂತಿನ ಲೆಕ್ಕ ಹಾಕಿದ್ದು 21ನ್ನು ನಂಬಿ. ದಿನಕ್ಕೆ 100 ಕಿಲೋಮೀಟರ್ ಓಡಿಸುವವರಿಗೆ ಈ ಅಂತರದಿಂದ ದಿನವೂ ಒಂದೂವರೆ ಲೀಟರ್ ಹೆಚ್ಚು ಬೇಕು. ಲೀಟರಿಗೆ ನೂರು ರೂಪಾಯಿ ಎಂದು ಸುಲಭಕ್ಕೆ ಹಿಡಿದರೂ ತಿಂಗಳಿಗೆ 4,500 ರೂಪಾಯಿಯ ಮೇಲಾಯಿತು. ಅವರ ಇಬ್ಬರು ಮಕ್ಕಳ ಶಾಲೆಯ ಖರ್ಚು ಇದಕ್ಕಿಂತ ಕಡಮೆಯೆಂದು ಅತ್ತೆಯವರು ಒಳಗಿನಿಂದಲೇ ಹೇಳಿದರು.

ಹಾಗಾದರೆ ಅಚ್ಚಾದ ಅಂಕಿ ಸುಳ್ಳೆ? ಸುಳ್ಳೆನ್ನಲಾಗದು. ಪುಣೆಯ ಎ.ಆರ್.ಎ.ಐ.ಯಂತಹ ಪರೀಕ್ಷಾ ಸಂಸ್ಥೆಗಳಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಇಷ್ಟು ಸೆಕೆಂಡಿಗೆ ಇಷ್ಟು ವೇಗವೆಂದು ಮೊದಲೇ ಗೊತ್ತುಮಾಡಿದ ಪಟ್ಟಿಯಂತೆ ಓಡಿಸುತ್ತಾರೆ. ನಮ್ಮ ದೇಶದಲ್ಲಿ ಬಹುಕಾಲ ಬಳಕೆಯಲ್ಲಿರುವ ಪಟ್ಟಿ ಸುಮಾರು ಇಪ್ಪತ್ತು ನಿಮಿಷದ್ದು, ವೇಗ ಗಂಟೆಗೆ 90 ಕಿಲೋಮೀಟರನ್ನು ದಾಟುವುದಿಲ್ಲ, ತಂಪುಯಂತ್ರವನ್ನು ಹಾಕುವುದಿಲ್ಲ. ತೆರಕಣಾಂಬಿಯ ಬಳಿ ತರಕಾರಿ ಹೇರಿಕೊಂಡ ಗಾಡಿಗಳ ಹಿಂದೆ ಎರಡನೆಯ ಗೇರಿನಲ್ಲಿ ತೆವಳುವುದಾಗಲಿ, ಐದು ಜನರನ್ನೂ ಅವರ ಗಂಟುಮೂಟೆಗಳನ್ನೂ ಹೊತ್ತು ಏಪ್ರಿಲ್ ಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡು ಹೋಗುವುದಾಗಲಿ ಆ ಪಟ್ಟಿಯಲ್ಲಿಲ್ಲ. ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಿ ನೋಡಲು ಈ ಪರೀಕ್ಷೆ ತಕ್ಕದ್ದು. ಕಂತಿನ ಲೆಕ್ಕ ಹಾಕಲು ತಕ್ಕದ್ದಲ್ಲ.

ಪ್ಲಗ್-ಇನ್ ಹೈಬ್ರಿಡ್ ಎಂಬ ಆ ಪ್ರವಾಸಿಯ ಕಾರಿನ ಸಂಗತಿ ಇದಕ್ಕಿಂತ ಸ್ವಾರಸ್ಯವಾದುದು. ನಾನು ಮನಸ್ಸಿನಲ್ಲೇ ಒಂದು ಕಾರನ್ನು ಕಲ್ಪಿಸಿಕೊಂಡೆ. ಪೂರ್ತಿ ತುಂಬಿದ ಬ್ಯಾಟರಿಯಿಂದ ಅದು 50 ಕಿಲೋಮೀಟರ್ ಓಡಲಿ. ಅನಂತರ ಪೆಟ್ರೋಲಿನಿಂದ ಲೀಟರಿಗೆ 15 ಓಡಲಿ. ಚಾಮರಾಜನಗರಕ್ಕೆ ಹೋಗಿಬರಲು ಸುಮಾರು 72 ಕಿಲೋಮೀಟರ್. ರಾತ್ರಿ ಮನೆಯಲ್ಲಿ ಪ್ಲಗ್ ಹಾಕಿದ್ದರೆ 50 ಕಳೆದು ಉಳಿದ 22ಕ್ಕೆ ಮಾತ್ರ ಪೆಟ್ರೋಲು, ಎಂದರೆ ಒಂದೂವರೆ ಲೀಟರಿಗೂ ತುಸು ಕಡಮೆ. ಆಗ ಲೀಟರಿಗೆ 49 ಬಂದಂತಾಯಿತು! ಪ್ಲಗ್ ಹಾಕಲು ಮರೆತಿದ್ದರೆ ಅದೇ ಕಾರು, ಅದೇ ರಸ್ತೆ, ಅದೇ ಚಾಲಕ; ಬರುವುದು 15.

ಇಲ್ಲಿ ವಾಚಕರು ಒಂದು ತಪ್ಪಿಗೆ ಬೀಳಬಾರದು. ಒಂದು ದಿನ ಪ್ಲಗ್ ಹಾಕಿ ಒಂದು ದಿನ ಬಿಟ್ಟರೆ ಸರಾಸರಿ ಎಷ್ಟು? 49ನ್ನೂ 15ನ್ನೂ ಕೂಡಿಸಿ ಎರಡರಿಂದ ಭಾಗಿಸಿ 32 ಎನ್ನುವವರೇ ಹೆಚ್ಚು. ನಾನೂ ಮೊದಲು ಹಾಗೆಯೇ ಅಂದೆ. ಆದರೆ ಎರಡು ದಿನದ ದೂರ 144 ಕಿಲೋಮೀಟರ್, ಪೆಟ್ರೋಲು 6.27 ಲೀಟರ್, ಭಾಗಿಸಿದರೆ 23 ಮಾತ್ರ. ಯೂರೋಪಿನವರು ಕಿಲೋಮೀಟರಿಗೆ ಬದಲಾಗಿ 100 ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಎಣಿಸುವುದರಿಂದ ಈ ಮೋಸಕ್ಕೆ ಅಲ್ಲಿ ಎಡೆ ಕಡಮೆ. ಇನ್ನು, ಬ್ಯಾಟರಿಗೆ ತುಂಬಿಸಿದ ವಿದ್ಯುತ್ತಿನ ಬಿಲ್ಲು ಪೆಟ್ರೋಲಿನ ಈ ಅಂಕಿಯೊಳಗೆ ಸೇರುವುದೇ ಇಲ್ಲವೆಂಬುದೂ ನೆನಪಿರಲಿ.

ಆದುದರಿಂದ ಇಂತಹ ಕಾರಿಗೆ ಒಂದು ಅಂಕಿಯನ್ನು ಅಚ್ಚುಹಾಕಬೇಕಾದರೆ, ಕೊಂಡವನು ಎಷ್ಟು ಪಾಲು ದೂರವನ್ನು ವಿದ್ಯುತ್ತಿನಿಂದ ಓಡಿಸುವನೆಂದು ಮೊದಲೇ ಊಹಿಸಬೇಕಾಗುತ್ತದೆ. ಎಂಜಿನನ್ನು ಅಳೆಯಬಹುದು, ಮನುಷ್ಯನ ಅಭ್ಯಾಸವನ್ನು ಉರುಳೆಗಳ ಮೇಲೆ ನಿಲ್ಲಿಸಲಾದೀತೆ? ಯೂರೋಪಿನಲ್ಲಿ ಈ ಊಹೆ ಬಹಳ ಉದಾರವಾಗಿತ್ತು. 2021ರಿಂದ ಅಲ್ಲಿನ ಹೊಸ ಕಾರುಗಳಲ್ಲಿ ಇಂಧನವೆಷ್ಟು ಖರ್ಚಾಯಿತೆಂದು ಕಾರೇ ಬರೆದಿಟ್ಟುಕೊಳ್ಳುವ ಏರ್ಪಾಟು ಕಡ್ಡಾಯವಾಯಿತು. ಸುಮಾರು 6 ಲಕ್ಷ ವಾಹನಗಳ ಇಂತಹ ಲೆಕ್ಕವನ್ನು ಕೂಡಿಸಿ ಯೂರೋಪಿಯನ್ ಕಮಿಷನ್ 2024ರ ಮಾರ್ಚಿಯಲ್ಲಿ ವರದಿಯನ್ನು ಹೊರಡಿಸಿತು. ಬರಿಯ ಪೆಟ್ರೋಲು, ಡೀಸೆಲ್ ಕಾರುಗಳು ಪರೀಕ್ಷೆಯ ಅಂಕಿಗಿಂತ ನೂರಕ್ಕೆ ಸುಮಾರು 20ರಷ್ಟು ಹೆಚ್ಚು ಹೊಗೆಯನ್ನು ಉಗುಳಿದರೆ, ಪ್ಲಗ್-ಇನ್ ಕಾರುಗಳದ್ದು ಸರಾಸರಿ ಮೂರೂವರೆ ಪಟ್ಟು! ಜನರು ಊಹಿಸಿದಷ್ಟು ಬಾರಿ ಪ್ಲಗ್ ಹಾಕದಿರುವುದೇ ಇದಕ್ಕೆ ಕಾರಣ. ಕಂಪನಿಯವರು ನೌಕರರಿಗೆ ಕೊಟ್ಟ ಕಾರುಗಳಲ್ಲಿ ಅಂತರ ಇನ್ನೂ ದೊಡ್ಡದೆಂದು ಬೇರೆ ಅಧ್ಯಯನಗಳು ತಿಳಿಸುತ್ತವೆ. ಪೆಟ್ರೋಲಿನ ದುಡ್ಡು ಮಾಲಿಕನದು, ಕರೆಂಟಿನ ದುಡ್ಡು ಮನೆಯದು ಎಂದಾದರೆ ಯಾರು ತಾನೇ ಪ್ಲಗ್ ಹಾಕಿಯಾರು? ಅರ್ಥಶಾಸ್ತ್ರದವರಿಗೆ ಇದು ಅಚ್ಚರಿಯಲ್ಲ. 2025ರಿಂದ ಅಲ್ಲಿ ಆ ಊಹೆಯ ಪಾಲನ್ನು ಹಂತಹಂತವಾಗಿ ಇಳಿಸತೊಡಗಿದ್ದಾರೆ.

ಪ್ಲಗ್ಗಿಲ್ಲದ ಹೈಬ್ರಿಡ್ ಕಾರುಗಳೂ ಉಂಟು. ಬೆಂಗಳೂರು ದಾರಿಯ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆಯವರು 2022ರಿಂದ ತಯಾರಿಸುತ್ತಿರುವ ಹೈರೈಡರ್ ಅಂತಹದು. ಅದರ ಅಚ್ಚಾದ ಅಂಕಿ 27.97. ಅದು ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯಿಂದಲೂ ಎಂಜಿನಿನಿಂದಲೂ ತನ್ನ ಬ್ಯಾಟರಿಯನ್ನು ತಾನೇ ತುಂಬಿಸಿಕೊಳ್ಳುತ್ತದೆ. ಬಿಸಿಲು, ಭಾರ, ಏರುಗಳು ಅದನ್ನೂ ಬಿಟ್ಟಿಲ್ಲವಾದರೂ ಮಾಲಿಕನ ಮರೆವು ಅದರ ಲೆಕ್ಕವನ್ನು ಕೆಡಿಸಲಾರದು.

ಇಷ್ಟನ್ನೂ ಮಾವನವರಿಗೆ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, “ಮನ್ಯಾಗೆ ಇರೋ ಕಾರಿಗೆ ಸರಿ ಕಣಪ್ಪ. ನಾನು ಮೈಸೂರಿಂದ ಬಂದು ಊಟಕ್ಕೆ ಕೂತ್ರೆ ಊಟಿಗೆ ಬಾಡಿಗೆ ಅಂತ ಫೋನ್ ಬತ್ತದ. ಪ್ಲಗ್ ಹಾಕಾಕೆ ನನಗೆ ಹೊತ್ತೆಲ್ಲದ?” ಎಂದರು. ಹಾಗಾದರೆ ನಿಮಗೆ 15ರ ಲೆಕ್ಕವೇ ಎಂದೆ. ಅವರು ನಕ್ಕು, ಕಾರಿನ ಡಬ್ಬಿಯಿಂದ ಒಂದು ಸಣ್ಣ ನೋಟುಪುಸ್ತಕವನ್ನು ತೆಗೆದು ಅಂದಿನ ತಾರೀಖು, ಕಿಲೋಮೀಟರು, ಲೀಟರುಗಳನ್ನು ಬರೆದುಕೊಂಡರು.